ಕಂಪ್ಯೂಟರ್ ಹೇಳಿದ್ದು ಖರೆನೋ ಸುಳ್ಳೋ

ಗದಗ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಂಕಿತಾಳ ಪಕ್ಕದಲ್ಲೇ, ರಕ್ತ ಪರೀಕ್ಷೆಯ ಲ್ಯಾಬಿನಿಂದ ಬಂದ ಗಂಡ ಹೆಂಡತಿ ಕೂತರು. ಅಂಕಿತಾ ಕೇಳಿಸದವಳಂತೆ ತಲೆ ತಗ್ಗಿಸಿದಳು. ಕಿವಿ ಮಾತ್ರ ಅತ್ತಲೇ ಇತ್ತು.

“ನನ್ನ ರಕ್ತದ ಫೋಟೋ ನೋಡಿ ಕಂಪ್ಯೂಟರ್ ಬಿಳಿ ಕಣ ಕೆಟ್ಟಾವ ಅಂದ್ರ ನಂಬಬೇಕೇನು?” ಎಂದ ಗಂಡ.

“ಲಕ್ಷಗಟ್ಟಲೆ ಫೋಟೋ ತೋರಿಸಿ ಅದಕ್ಕ ಕಲಿಸ್ಯಾರಂತ್ರಿ.”

“ನನಗೂ ಸಾಲ್ಯಾಗ ಏಳನೇತ್ತಾ ತನಕ ಕಲಿಸ್ಯಾರ. ಆದ್ರೂ ಲೆಕ್ಕ ತಪ್ಪತೈತಿ.”

“ಡಾಕ್ಟರೂ ಹುಬ್ಬಳ್ಯಾಗ ತೋರಸ್ರಿ ಅಂದ್ರಲ್ಲ.”

“ಅದು ತಪ್ಪು ಹೇಳೇತಿ. ಮುಂಡರಗಿ ಬಸ್ ಬಂತು, ಮನಿಗೆ ನಡಿ.”

“ಆತು, ತಪ್ಪಂತ ಹುಬ್ಬಳ್ಳಿ ಡಾಕ್ಟರ್ ಬಾಯಿಲೆ ಕೇಳೂಣು. ಆಮ್ಯಾಲ ನಾನೂ ನಿಮ್ಮ ಜೋಡಿ ಅದನ್ನ ಬೈತೀನಿ.”

ಹೆಂಡತಿ ಅವನ ರಟ್ಟೆ ಬಿಡಲಿಲ್ಲ. ಮುಂಡರಗಿ ಬಸ್ಸು ಹೋಯಿತು. ಹುಬ್ಬಳ್ಳಿ ಬಸ್ಸು ಬಂದಾಗ ಗಂಡನೇ ಓಡಿ, ಕಿಟಕಿಯಿಂದ ಟವೆಲ್ ಒಗೆದು ಇಬ್ಬರಿಗೂ ಸೀಟು ಹಿಡಿದ.