ಪಂಪಿನ ಶೆಡ್ಡಿಗೊಂದು ಚಿಲಕ

ಸೋರುವ ನಲ್ಲಿಯನ್ನು ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಟೀಚರಮ್ಮನ ಕಿವಿ, ಬೇಡವೆಂದರೂ ಮುಂದಿದ್ದ ಗಂಡಹೆಂಡಿರ ಮಾತಿನ ಕಡೆಗೇ ಹೋಗುತ್ತಿತ್ತು. ಬಾವಿಯ ಪಂಪಿಗೆಂದು ಶೆಡ್ ಕಟ್ಟಿ ಮುಗಿದಿತ್ತಂತೆ; ಬಾಗಿಲಿಗೆ ಚಿಲಕ ಮಾತ್ರ ಬಾಕಿ.

“ಒಳಗಡೆ ಚಿಲಕ ಯಾಕ್ರೀ? ಪಂಪೇ ಎದ್ದು ಹಾಕ್ಕೊಳ್ಳುತ್ತಾ?”

“ರಿಪೇರಿಗೆ ಕೂತಾಗ ಬೇಕಾಗುತ್ತೆ ಕಣೆ.”

“ಕಿಟಕಿ?”

“ಪಂಪಿಗೆ ಗಾಳಿ ಬೇಡ್ವಾ?”

“ಫ್ಯಾನ್ ಬೇರೆ ಇದೆಯಲ್ಲ.”

“ಪಂಪ್ ಬಿಸಿಯಾಗುತ್ತೆ.”

“ಪೇಪರ್ ಓದೋಕೆ ಲೈಟು?”

ಗಂಡ ಪೇಂಟ್ ಡಬ್ಬಗಳತ್ತ ತಿರುಗಿಕೊಂಡ.

“ಮನೇಲಿ ಕೂರೋಕೆ ಜಾಗ ಇಲ್ವಾ ನಿಮಗೆ?”

“ಜಾಗ ಇದೆ. ನಿಮ್ಮಕ್ಕನೂ ಇದ್ದಾರೆ.”

“ಪಾಪ, ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದವಳು.”

“ಬಂದು ಐದು ತಿಂಗಳಾಯ್ತು. ನಾನು ಉಸಿರಾಡೋದೂ ಜೋರಂತೆ.”

ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನೇನು ಜಗಳ ಶುರುವಾಯಿತೆಂದು ಟೀಚರಮ್ಮ ಅರ್ಧ ಹೆಜ್ಜೆ ಹಿಂದೆ ಸರಿದರು.

“ನಿನ್ನೆ ನಂಗೆ ಈರುಳ್ಳಿ ಹೆಚ್ಚೋಕೆ ಬರಲ್ಲ ಅಂದ್ಲು,” ಎಂದಳು ಹೆಂಡತಿ. “ಮದುವೆಯಾಗಿ ಮೂವತ್ತು ವರ್ಷ ಆದ್ಮೇಲೆ.”

“ಕೇಳಿಸ್ತು.”

“ಶೆಡ್ಡಲ್ಲಿ ಎಷ್ಟು ಕುರ್ಚಿ ಹಿಡಿಯುತ್ತೆ?”

“ಪಂಪ್ ಇಟ್ರೆ ಒಂದು.”

ಅಷ್ಟರಲ್ಲಿ ಅವರ ಸರದಿ ಬಂತು. ಏನು ಕೊಡಲಿ ಎಂದ ಅಂಗಡಿಯವನು.

“ಒಳಗಡೆ ಹಾಕೋ ಚಿಲಕ ಒಂದು ಕೊಡಪ್ಪ, ಗಟ್ಟಿಯಾಗಿರೋದು,” ಎಂದಳು ಹೆಂಡತಿ. “ಆಮೇಲೆ ಒಂದು ತಗಡು. ಪಂಪ್ ಹೊರಗಡೆ ಇರುತ್ತೆ, ಅದಕ್ಕೆ ಮುಚ್ಚೋಕೆ.”

ತಗಡಿನ ಒಂದೊಂದು ತುದಿ ಹಿಡಿದುಕೊಂಡು ಇಬ್ಬರೂ ಹೊರಟರು.