ಮೂಗಿನ ಗುರುತು

ಬಳೆಯ ಕೊಂಡಿಗೆ ಬೆಸುಗೆ ಹಾಕಿಸಲು ಬಂದ ಟೀಚರಮ್ಮ ಬೆಳ್ಳಿ ಅಂಗಡಿಯ ಬೆಂಚಿನ ಮೇಲೆ ಕೂತೂ ಕೂತೂ ಸಾಕಾಗಿದ್ದರು. ಪಕ್ಕದಲ್ಲಿ ಅಕ್ಕ, ತಮ್ಮ ಇಬ್ಬರು ಒಂದು ಪುಟ್ಟ ನಾಣ್ಯದ ಮೇಲೆ ಬಗ್ಗಿದ್ದರು. ಟೀಚರಮ್ಮನ ಕಿವಿ ತಾನಾಗಿಯೇ ಅತ್ತ ವಾಲಿತು.

“ಕರಗಿಸ್ಬೇಡ ಅಕ್ಕಾ. ಇದು ರೋಮಿನ ಚಕ್ರವರ್ತಿಗಳ ಕಾಲದ್ದು. ತಲೆ ಮೇಲೆ ಎಲೆ ಕಿರೀಟ ನೋಡು.”

“ಅಪ್ಪನ ಪೆಟ್ಟಿಗೇಲಿ ಚಕ್ರವರ್ತಿಗೇನೋ ಕೆಲಸ? ಮಗೂಗೆ ಬೆಳ್ಳಿ ಚಮಚ ಮಾಡಿಸೋಕೆ ತಾನೆ ಬಂದಿದ್ದು?”

“ಇಲ್ಲಿ ಐ ಎಂ ಪಿ ಅಂತಿದೆ.”

“ಇಂಪಾರ್ಟೆಂಟಾ? ಪರೀಕ್ಷೆಗೆ ಬರುತ್ತಾ?”

ಟೀಚರಮ್ಮ ನಗು ನುಂಗಿಕೊಂಡರು.

“ಚಕ್ರವರ್ತಿ ಅಂತ ಅರ್ಥ ಕಣೇ. ಪಕ್ಕದಲ್ಲಿ ಅವನ ಹೆಸರಿರ್ಬೇಕು… ಇಲ್ವಲ್ಲ!”

“ಹೊಳೀಲಿ ಅಂತ ಬೂದಿ ಹಾಕಿ ಗಸಗಸ ಉಜ್ಜಿದೆ.”

“ಅಯ್ಯೋ, ಇದ್ದಬದ್ದ ಹೆಸರನ್ನೂ ತೊಳೆದುಬಿಟ್ಟೆಯಲ್ಲ!”

“ಈಗ ಯಾರು ಅಂತ ಗೊತ್ತಾಗೋದು ಹೇಗೆ?”

“ಮೂಗು, ಗದ್ದ ನೋಡಿ ಗುರುತು ಹಿಡೀತಾರೆ. ಒಬ್ಬೊಬ್ಬ ರಾಜಂದು ಒಂದೊಂದು ಥರ.”

ಅಕ್ಕ ಕನ್ನಡಕ ಏರಿಸಿ ನೋಡಿದಳು.

“ಗಿಣಿಮೂಗು. ಕತ್ತೇ ಇಲ್ಲ, ಗದ್ದ ಎರಡು. ಲೋ, ನಂಗೆ ಗುರುತು ಸಿಕ್ತು ಕಣೋ!”

“ಯಾರು?”

“ಅಪ್ಪ!”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಅಂಗಡಿಯವರು ಕೂಗಿದರು.

“ಕರಗಿಸೋ ಬೆಳ್ಳಿ ಯಾರದಮ್ಮಾ? ಕೊಡಿ.”

ಅಕ್ಕನ ನಗು ನಿಂತಿತು. ನಾಣ್ಯವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಎದ್ದಳು.

“ಬೇಡ ಬಿಡಿ.”

“ಮತ್ತೆ ಮಗೂ ಚಮಚ?” ಎಂದ ತಮ್ಮ, ಚಪ್ಪಲಿ ಮೆಟ್ಟುತ್ತಾ.

“ಸ್ಟೀಲಿಂದೇ ಸಾಕು. ಅಪ್ಪನಿಗೆ ಒಂದ್ಸಲ ಬೆಂಕಿ ಕೊಟ್ಟಾಯ್ತಲ್ಲೋ,” ಎನ್ನುತ್ತಾ ಅವಳು ಮೆಟ್ಟಿಲಿಳಿದಳು.