ಭೂಮಿಕಾಳ ಗಂಟೆಗೆ ಬೆಲೆ

ಕೆಂಡಲ್ ಪಾರ್ಕ್ ಎಂಬ ಊರಿನ ಇಂಡಿಯನ್ ಅಂಗಡಿಯಲ್ಲಿ ಬಿಲ್ಲಿಗೆ ನಿಂತಿದ್ದಾಗ, ನನ್ನ ಮುಂದಿದ್ದ ಗಂಡ ಹೆಂಡತಿ ಮಾತಾಡುತ್ತಿದ್ದರು.

“ರೀ, ಶನಿವಾರ ನಮ್ಮ ಪಾರ್ಕಲ್ಲಿ ಗಿಡ ನೆಡೋಕೆ ಹೋಗ್ತೀನಿ.”

“ಭೂಮಿಕಾ, ನಿಂದು ಎಚ್-ಫೋರ್ ವೀಸಾ. ಕೆಲಸ ಮಾಡೋ ಹಾಗಿಲ್ಲ.”

“ಸಂಬಳ ಇಲ್ಲ ರೀ, ವಾಲಂಟಿಯರ್. ನಾವು ದುಡಿದ ಗಂಟೆಗೆ ಬೆಲೆ ಕಟ್ಟಿ, ಟೌನ್‌ನವರು ಅಷ್ಟೇ ದುಡ್ಡು ಪಾರ್ಕಿಗೆ ಕೊಡ್ತಾರೆ. ಮ್ಯಾಚಿಂಗ್ ಗ್ರಾಂಟು.”

“ನಿನ್ನ ಗಂಟೆಗೆ ಎಷ್ಟಂತೆ?”

“ಹದಿನಾಲ್ಕು ಡಾಲರ್. ನೀವು ಬಂದ್ರೂ ಅಷ್ಟೇ.”

“ನಾನು ಸೀನಿಯರ್ ಪ್ರೋಗ್ರಾಮರ್ ಕಣೇ!”

“ಗುದ್ದಲಿಗೆ ಅದೆಲ್ಲ ಗೊತ್ತಾಗಲ್ಲ ರೀ.”

ಆತ ಕಾರ್ಡು ತೆಗೆದು ಬಿಲ್ಲು ಕಟ್ಟಿದ. ಅವಳು ಬಿಡಲಿಲ್ಲ.

“ಮನೆಕೆಲಸಕ್ಕೆ ನಾಲ್ಕು ವರ್ಷದಿಂದ ನಾನೊಬ್ಬಳೇ ಗಂಟೆ ಹಾಕ್ತಿದೀನಿ. ನಿಮ್ಮ ಮ್ಯಾಚಿಂಗ್ ಯಾವಾಗ?”

ಆತ ಕೌಂಟರಿನ ಮೇಲಿದ್ದ ಎರಡೂ ಅಕ್ಕಿಚೀಲ ತಾನೇ ಎತ್ತಿಕೊಂಡು ಬಾಗಿಲ ಕಡೆ ನಡೆದ.

“ಇದು ಬರೀ ಅಡ್ವಾನ್ಸು” ಎನ್ನುತ್ತಾ ಅವಳೂ ಹಿಂದೆಯೇ ಹೊರಟಳು.